ಯೇಸು ಇದ್ದನೆ? ಚರಿತ್ರೆಯ ಕಟಕಟೆಯಲ್ಲಿ ಸಾಕ್ಷಿಗಳು

ಶಾಲೆಯ ನೋಟ್ ಪುಸ್ತಕದ ಮೂಲೆಯಲ್ಲಿ ತಾರೀಖು ಬರೆಯುವಾಗಲೆಲ್ಲ ನಾವು ಒಬ್ಬ ವ್ಯಕ್ತಿಯ ಹುಟ್ಟಿನಿಂದ ವರ್ಷ ಎಣಿಸುತ್ತಿರುತ್ತೇವೆ. ಕ್ರಿ.ಶ. ಎಂದರೂ ಅಷ್ಟೆ, ಈಚಿನ ಪುಸ್ತಕಗಳಲ್ಲಿ ಕಾಣುವಂತೆ ಸಾ.ಶ. ಎಂದರೂ ಅಷ್ಟೆ, ಎಣಿಕೆ ಶುರುವಾಗುವ ಜಾಗ ಒಂದೇ. ಆ ಜಾಗವನ್ನು ಗೊತ್ತುಮಾಡಿದವನು ರೋಮ್‌ನಲ್ಲಿದ್ದ ಡಯೊನಿಸಿಯಸ್ ಎಂಬ ಸನ್ಯಾಸಿ. ಕ್ರಿ.ಶ. 525ರಲ್ಲಿ ಈಸ್ಟರ್ ಹಬ್ಬದ ದಿನಗಳ ಪಟ್ಟಿ ತಯಾರಿಸುತ್ತ ಆತ ಈ ಲೆಕ್ಕ ಹಾಕಿದ. ಲೆಕ್ಕ ಕೆಲವು ವರ್ಷ ತಪ್ಪಿತು. ಮತ್ತಾಯನ ಸುವಾರ್ತೆಯ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ. ಆ ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಹೀಗಾಗಿ ಕ್ರಿಸ್ತ ಹುಟ್ಟಿದ್ದು ಕ್ರಿಸ್ತ ಪೂರ್ವದಲ್ಲಿ ಎಂಬ ವಿಚಿತ್ರ ವಾಕ್ಯವನ್ನು ಚರಿತ್ರೆಕಾರರು ಬರೆಯಬೇಕಾಗಿ ಬಂದಿದೆ.

ಹುಟ್ಟಿದ ವರ್ಷವೇ ಖಚಿತವಿಲ್ಲದ ಮೇಲೆ ಆ ಮನುಷ್ಯ ಹುಟ್ಟಿದ್ದೇ ನಿಜವೆಂದು ಹೇಗೆ ಹೇಳುವುದು? ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದರೆ ಮನೆಯ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಕೊಡುತ್ತಾರೆ. 'ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು' ಎನ್ನುವುದು ಒಂದು. 'ಅದೆಲ್ಲ ಕಟ್ಟುಕಥೆ ಬಿಡು' ಎನ್ನುವುದು ಇನ್ನೊಂದು. ಎರಡೂ ಉತ್ತರಗಳಿಂದ ಹುಡುಗಿಯ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಆಕೆ ಕೇಳಿದ್ದು ಸಾಕ್ಷ್ಯವನ್ನು.

ಒಂದು ಗೆರೆಯನ್ನು ಮೊದಲೇ ಎಳೆದುಕೊಳ್ಳೋಣ. ಯೇಸು ದೇವರ ಮಗನೇ, ಸತ್ತು ಮೂರನೆಯ ದಿನ ಎದ್ದನೇ ಎಂಬುದು ನಂಬಿಕೆಯ ಕ್ಷೇತ್ರ; ಚರಿತ್ರೆಕಾರನ ಬಳಿ ಅದನ್ನು ಅಳೆಯುವ ತಕ್ಕಡಿ ಇಲ್ಲ. ರೋಮನ್ ಸಾಮ್ರಾಜ್ಯದ ಅಂಚಿನಲ್ಲಿದ್ದ ಯೂದಾಯ ಪ್ರಾಂತದಲ್ಲಿ, ತಿಬೇರಿಯ ಚಕ್ರವರ್ತಿಯ ಆಳ್ವಿಕೆಯಲ್ಲಿ, ಯೇಸು ಎಂಬ ಹೆಸರಿನ ಬೋಧಕನೊಬ್ಬ ಬದುಕಿದ್ದು ಶಿಲುಬೆಗೇರಿದನೇ ಎಂಬುದಕ್ಕೆ ಮಾತ್ರ ತಕ್ಕಡಿ ಇದೆ. ಇಲ್ಲಿ ನಾವು ತೂಗುವುದು ಅಷ್ಟನ್ನೇ.

ಎಷ್ಟು ಸಾಕ್ಷ್ಯ ನಿರೀಕ್ಷಿಸಬಹುದು?

ಯೇಸು ತನ್ನ ಕೈಯಾರೆ ಬರೆದದ್ದು ಒಂದಕ್ಷರವೂ ಉಳಿದಿಲ್ಲ. ಆತನ ಹೆಸರಿನ ನಾಣ್ಯವಿಲ್ಲ, ಬದುಕಿದ್ದಾಗ ಕೆತ್ತಿದ ಪ್ರತಿಮೆಯಿಲ್ಲ, ಶಾಸನವಿಲ್ಲ. ಇದನ್ನು ಹಿಡಿದುಕೊಂಡು ಆತ ಇರಲೇ ಇಲ್ಲವೆಂದು ವಾದಿಸುವವರುಂಟು. ಆದರೆ ನಾಣ್ಯ ಹಾಕಿಸುವವರು ರಾಜರು, ಶಾಸನ ಕೆತ್ತಿಸುವವರು ಅಧಿಕಾರಿಗಳು ಮತ್ತು ಹಣವಂತರು. ಹಳ್ಳಿಯ ಬಡಗಿಗೆ ಯಾರು ಕಲ್ಲು ಕೆತ್ತಿಸುತ್ತಾರೆ?

ಬಡಗಿಯ ಮಾತಿರಲಿ, ಯೇಸುವಿಗೆ ಮರಣದಂಡನೆ ವಿಧಿಸಿದ ಅಧಿಕಾರಿಯ ಸ್ಥಿತಿಯನ್ನೇ ನೋಡಿ. ಪೊಂತ್ಯ ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಹತ್ತು ವರ್ಷ ಯೂದಾಯವನ್ನು ಆಳಿದ ರೋಮನ್ ಅಧಿಪತಿ. ಆತ ಅಚ್ಚು ಹಾಕಿಸಿದ ಕಂಚಿನ ನಾಣ್ಯಗಳಲ್ಲಿ ಚಕ್ರವರ್ತಿಯ ಹೆಸರಿದೆ, ಆತನದಿಲ್ಲ. ಆತನ ಕಚೇರಿಯ ಒಂದು ಕಾಗದವೂ ಉಳಿದಿಲ್ಲ. 1961ರವರೆಗೆ ಪಿಲಾತನ ಹೆಸರು ಕೇವಲ ಗ್ರಂಥಗಳಲ್ಲಿತ್ತು. ಆ ವರ್ಷ ಮೆಡಿಟರೇನಿಯನ್ ಕರಾವಳಿಯ ಕೈಸರೈಯ ಪಟ್ಟಣದಲ್ಲಿ ಇಟಲಿಯ ಪುರಾತತ್ತ್ವಜ್ಞರು ರೋಮನ್ ನಾಟಕಶಾಲೆಯೊಂದನ್ನು ಅಗೆಯುತ್ತಿದ್ದಾಗ, ಮೆಟ್ಟಿಲಿಗೆಂದು ಮರುಬಳಕೆಯಾಗಿದ್ದ ಸುಣ್ಣದಕಲ್ಲಿನ ಚಪ್ಪಡಿಯೊಂದು ಸಿಕ್ಕಿತು. ಅರ್ಧ ಅಳಿಸಿಹೋದ ಲ್ಯಾಟಿನ್ ಅಕ್ಷರಗಳಲ್ಲಿ ತಿಬೇರಿಯನ ಹೆಸರಿನ ಒಂದು ಕಟ್ಟಡ, ಪಿಲಾತನ ಹೆಸರು, ಆತನ ಹುದ್ದೆ ಇಷ್ಟು ಓದಲು ಬಂತು. ಒಂದು ಪ್ರಾಂತವನ್ನೇ ಆಳಿದವನಿಗೆ ಸಂಬಂಧಿಸಿ ಅಲ್ಲಿಯವರೆಗೆ ಸಿಕ್ಕ ಕಲ್ಲಿನ ಸಾಕ್ಷ್ಯ ಅದೊಂದೇ. ಅದೂ ಜನ ತುಳಿದು ಹತ್ತುತ್ತಿದ್ದ ಮೆಟ್ಟಿಲಾಗಿ! ಆ ಕಾಲದಿಂದ ಏನು ಉಳಿದುಬರುತ್ತದೆ, ಏನು ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಅದೇ ನಾಡಿನಲ್ಲಿ ಅದೇ ಶತಮಾನದಲ್ಲಿ ಥ್ಯೂದ ಎಂಬ ಇನ್ನೊಬ್ಬನಿದ್ದ. ಯೊರ್ದನ್ ನದಿಯನ್ನು ಇಬ್ಭಾಗ ಮಾಡಿ ದಾಟಿಸುತ್ತೇನೆಂದು ಜನರನ್ನು ಕರೆದೊಯ್ದ. ರೋಮನ್ ಕುದುರೆ ಸವಾರರು ಆತನ ತಲೆ ಕಡಿದು ಯೆರೂಸಲೇಮಿಗೆ ತಂದರು. ಈತನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬೆರಳೆಣಿಕೆಯ ಸಾಲುಗಳು. ಆದರೂ ಥ್ಯೂದ ಇರಲಿಲ್ಲವೆಂದು ಯಾರೂ ಪುಸ್ತಕ ಬರೆದಿಲ್ಲ.

ಪ್ರೀತಿಯಿಲ್ಲದ ಸಾಕ್ಷಿ

ಕ್ರಿ.ಶ. 64ರ ಜುಲೈ ತಿಂಗಳಲ್ಲಿ ರೋಮ್ ನಗರ ಹೊತ್ತಿ ಉರಿಯಿತು. ಬೆಂಕಿ ಹಚ್ಚಿಸಿದವನು ಸ್ವತಃ ನೀರೋ ಚಕ್ರವರ್ತಿ ಎಂದು ಜನ ಗುಸುಗುಸು ಆಡತೊಡಗಿದರು. ಆ ಗುಮಾನಿಯನ್ನು ತನ್ನಿಂದ ತಪ್ಪಿಸಿಕೊಳ್ಳಲು ನೀರೋ ಕ್ರೈಸ್ತರ ಮೇಲೆ ಆರೋಪ ಹೊರಿಸಿ ಅವರನ್ನು ಕ್ರೂರವಾಗಿ ಕೊಲ್ಲಿಸಿದ. ಇದನ್ನು ಬರೆದವನು ರೋಮ್‌ನ ಶ್ರೇಷ್ಠ ಇತಿಹಾಸಕಾರ ಟ್ಯಾಸಿಟಸ್, ಸುಮಾರು ಕ್ರಿ.ಶ. 116ರಲ್ಲಿ. ಈ ಕ್ರೈಸ್ತರು ಯಾರೆಂದು ಓದುಗನಿಗೆ ತಿಳಿಸಲು ಆತ ಒಂದು ವಾಕ್ಯ ಸೇರಿಸುತ್ತಾನೆ. ಆ ಹೆಸರಿನ ಮೂಲಪುರುಷ ಕ್ರಿಸ್ತನಿಗೆ ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನ ಕೈಯಲ್ಲಿ ಮರಣದಂಡನೆಯಾಯಿತು ಎಂಬುದು ಅದರ ಸಾರ.

ಟ್ಯಾಸಿಟಸ್‌ಗೆ ಕ್ರೈಸ್ತರೆಂದರೆ ಆಗದು. ಅವರ ಧರ್ಮವನ್ನು ಆತ ಕೆಡುಕಿನ ಮೂಢನಂಬಿಕೆ ಎಂದೇ ಕರೆಯುತ್ತಾನೆ. ಕ್ರೈಸ್ತನೊಬ್ಬ ಈ ಮಾತನ್ನು ಆಮೇಲೆ ತುರುಕಿರಬಹುದೆಂಬ ಸಂಶಯಕ್ಕೆ ಹೆಚ್ಚು ಎಡೆಯಿಲ್ಲದಿರುವುದು ಇದರಿಂದಾಗಿಯೇ. ಹಾಗೆಂದು ಈ ಸಾಕ್ಷಿಯನ್ನು ಅತಿಯಾಗಿ ನೆಚ್ಚುವಂತೆಯೂ ಇಲ್ಲ. ಘಟನೆ ನಡೆದು ಎಂಬತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಆತ ಬರೆಯುತ್ತಿದ್ದಾನೆ. ಈ ಮಾಹಿತಿ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ರೋಮ್‌ನ ಕ್ರೈಸ್ತರ ಬಾಯಿಂದಲೇ ಕೇಳಿದ್ದಿರಬಹುದು. ಪಿಲಾತನ ಹುದ್ದೆಯನ್ನು ಆತ 'ಪ್ರೊಕ್ಯುರೇಟರ್' ಎನ್ನುತ್ತಾನೆ. ಕೈಸರೈಯದ ಕಲ್ಲಿನಲ್ಲಿರುವುದು 'ಪ್ರಿಫೆಕ್ಟ್'. ಟ್ಯಾಸಿಟಸ್ ತನ್ನ ಕಾಲದ ಹುದ್ದೆಯ ಹೆಸರನ್ನು ಹಳೆಯ ಕಾಲಕ್ಕೆ ಅಂಟಿಸಿದ್ದಾನೆ. ಸರ್ಕಾರಿ ದಫ್ತರ ತೆರೆದು ನೋಡಿ ಬರೆದವನಾದರೆ ಹೀಗಾಗುತ್ತಿತ್ತೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ.

ಟ್ಯಾಸಿಟಸ್‌ನ ಗೆಳೆಯ ಪ್ಲಿನಿ ಕ್ರಿ.ಶ. 112ರ ಸುಮಾರಿಗೆ ಈಗಿನ ಟರ್ಕಿಯ ಉತ್ತರ ಭಾಗದ ಬಿಥಿನಿಯದಲ್ಲಿ ಅಧಿಪತಿಯಾಗಿದ್ದ. ಕ್ರೈಸ್ತರನ್ನು ಏನು ಮಾಡಲಿ ಎಂದು ಟ್ರಾಜನ್ ಚಕ್ರವರ್ತಿಗೆ ಕಾಗದ ಬರೆದು, ಅವರು ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಾರೆಂದು ತಿಳಿಸಿದ. ಕ್ರೈಸ್ತರಿದ್ದರು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಕ್ರಿಸ್ತನಿದ್ದ ಎಂಬುದಕ್ಕೆ ಅಷ್ಟೇನಲ್ಲ. ಧರ್ಮಪ್ರಚಾರದ ಕಿರುಪುಸ್ತಕಗಳಲ್ಲಿ ಇಂಥ ಹೆಸರುಗಳ ಉದ್ದನೆಯ ಪಟ್ಟಿ ಇರುತ್ತದೆ. ಪಟ್ಟಿಯ ಉದ್ದ ನೋಡಿ ಬೆರಗಾಗಬೇಕಿಲ್ಲ.

ತಿದ್ದಿದ ಕೈ

ಎಲ್ಲಕ್ಕಿಂತ ಮುಖ್ಯನಾದ ಸಾಕ್ಷಿ ಯೆಹೂದಿ ಇತಿಹಾಸಕಾರ ಜೋಸೆಫಸ್. ಕ್ರಿ.ಶ. 37ರಲ್ಲಿ, ಅಂದರೆ ಯೇಸುವಿನ ಮರಣದ ಕೆಲವೇ ವರ್ಷಗಳಲ್ಲಿ, ಯೆರೂಸಲೇಮಿನ ಪುರೋಹಿತ ಮನೆತನದಲ್ಲಿ ಹುಟ್ಟಿದವನು. ರೋಮ್ ವಿರುದ್ಧದ ದಂಗೆಯಲ್ಲಿ ಯೇಸುವಿನ ಸೀಮೆಯಾದ ಗಲಿಲಾಯಕ್ಕೇ ದಳಪತಿಯಾಗಿದ್ದು, ಸೋತು ರೋಮನ್ನರಿಗೆ ಶರಣಾಗಿ, ಉಳಿದ ಬದುಕನ್ನು ರೋಮ್‌ನಲ್ಲಿ ಪುಸ್ತಕ ಬರೆಯುತ್ತ ಕಳೆದ. ಯೆಹೂದಿಗಳ ಪ್ರಾಚೀನ ಚರಿತ್ರೆಯನ್ನು ಕುರಿತ ಆತನ ಇಪ್ಪತ್ತು ಸಂಪುಟಗಳ ಗ್ರಂಥ ಕ್ರಿ.ಶ. 93-94ರ ಹೊತ್ತಿಗೆ ಮುಗಿಯಿತು. ಅದರಲ್ಲಿ ಎರಡು ಕಡೆ ಯೇಸುವಿನ ಹೆಸರು ಬರುತ್ತದೆ.

ಹದಿನೆಂಟನೆಯ ಸಂಪುಟದ ಭಾಗ ಮೊದಲ ಓದಿಗೇ ಸಂಶಯ ಹುಟ್ಟಿಸುತ್ತದೆ. ಯೇಸು ಜ್ಞಾನಿ, ಅಚ್ಚರಿಯ ಕೆಲಸ ಮಾಡಿದವನು, ಬೋಧಕ, ಪಿಲಾತ ಆತನನ್ನು ಶಿಲುಬೆಗೇರಿಸಿದ, ಆತನ ಅನುಯಾಯಿಗಳು ಇಂದಿಗೂ ಇದ್ದಾರೆ ಎಂಬುದೆಲ್ಲ ಯೆಹೂದಿ ಲೇಖಕನೊಬ್ಬ ಬರೆಯಬಹುದಾದ ಮಾತು. ಆದರೆ ನಡುನಡುವೆ ಬೇರೊಂದು ದನಿ ಕೇಳಿಸುತ್ತದೆ. ಆತನನ್ನು ಮನುಷ್ಯನೆನ್ನುವುದು ಸರಿಯೇ ಎಂಬ ಅನುಮಾನ, ಆತನೇ ಕ್ರಿಸ್ತನೆಂಬ ಘೋಷಣೆ, ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡನೆಂಬ ಹೇಳಿಕೆ. ಇದನ್ನೆಲ್ಲ ನಂಬುವವನಾದರೆ ಜೋಸೆಫಸ್ ಕ್ರೈಸ್ತನಾಗಿರಬೇಕಿತ್ತು. ಆತ ಕೊನೆಯವರೆಗೂ ಯೆಹೂದಿಯಾಗಿಯೇ ಉಳಿದವನು.

ಕಳ್ಳನನ್ನು ಹಿಡಿಯುವ ಕೆಲಸ ಇಲ್ಲಿ ಪತ್ತೇದಾರಿ ಕಾದಂಬರಿಯಷ್ಟೇ ಸ್ವಾರಸ್ಯವಾಗಿದೆ. ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಜೆನ್ ಜೋಸೆಫಸ್‌ನನ್ನು ಚೆನ್ನಾಗಿ ಓದಿಕೊಂಡಿದ್ದ. ಯೇಸುವೇ ಕ್ರಿಸ್ತನೆಂದು ಜೋಸೆಫಸ್ ನಂಬಿರಲಿಲ್ಲ ಎಂದು ಒರಿಜೆನ್ ಎರಡು ಕಡೆ ಬರೆದಿಟ್ಟಿದ್ದಾನೆ. ಅಂದಮೇಲೆ ಆತನ ಕೈಯಲ್ಲಿದ್ದ ಪ್ರತಿಯಲ್ಲಿ ಆ ಘೋಷಣೆ ಇರಲಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಬಿಷಪ್ ಯುಸೀಬಿಯಸ್ ಅದೇ ಭಾಗವನ್ನು ಉದ್ಧರಿಸುವಾಗ ಘೋಷಣೆ ಬಂದು ಕುಳಿತಿದೆ! ನಡುವಿನ ಅವಧಿಯಲ್ಲಿ ಯಾವುದೋ ಭಕ್ತನ ಲೇಖನಿ ಕೆಲಸ ಮಾಡಿದೆ. ನಮ್ಮ ಗ್ರಂಥ ಸಂಪಾದಕರು ಇಂಥದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಮಹಾಭಾರತದ ಪಾಠಗಳನ್ನು ಪರಿಷ್ಕರಿಸಿದವರು ಇಂಥ ಸೇರ್ಪಡೆಗಳನ್ನು ಲೆಕ್ಕವಿಲ್ಲದಷ್ಟು ಕಂಡಿದ್ದಾರೆ.

ಇಡೀ ಭಾಗವೇ ಸುಳ್ಳೋ ಅಥವಾ ನಿಜವಾದ ಮಾತಿಗೆ ಬಣ್ಣ ಬಳಿದದ್ದೋ ಎಂಬ ಜಗಳ ನೂರಾರು ವರ್ಷಗಳಿಂದ ನಡೆದಿದೆ. 1971ರಲ್ಲಿ ಯೆರೂಸಲೇಮಿನ ವಿದ್ವಾಂಸ ಶ್ಲೋಮೋ ಪೀನೆಸ್, ಹತ್ತನೆಯ ಶತಮಾನದ ಅರಬ್ಬಿ ಗ್ರಂಥವೊಂದರಲ್ಲಿ ಉಳಿದಿದ್ದ ಇದೇ ಭಾಗದ ಇನ್ನೊಂದು ಪಾಠವನ್ನು ಪ್ರಕಟಿಸಿದರು. ಅದರಲ್ಲಿ ಭಕ್ತಿಯ ಬಣ್ಣ ಎಷ್ಟೋ ಕಡಿಮೆ. ಪಿಲಾತ ಮತ್ತು ಶಿಲುಬೆ ಮಾತ್ರ ಇದ್ದೇ ಇವೆ. ಬಹಳಷ್ಟು ವಿದ್ವಾಂಸರು ಈಗ ಒಪ್ಪುವುದು ಬಣ್ಣ ಬಳಿದ ಪಕ್ಷವನ್ನು. ಆ ಭಕ್ತ ತನ್ನ ಗುರುವಿಗೆ ಸೇವೆ ಮಾಡಿದೆನೆಂದುಕೊಂಡಿರಬೇಕು. ಆದದ್ದು ತದ್ವಿರುದ್ಧ. ಆತ ಮುಟ್ಟದೆ ಬಿಟ್ಟಿದ್ದರೆ ಯೇಸುವಿನ ಬಗ್ಗೆ ಅತ್ಯುತ್ತಮವಾಗಬಹುದಾಗಿದ್ದ ಹೊರಗಿನ ಸಾಕ್ಷ್ಯ, ಮುಟ್ಟಿದ್ದರಿಂದ ಇಂದಿಗೂ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದೆ.

ಇಪ್ಪತ್ತನೆಯ ಸಂಪುಟದ ಉಲ್ಲೇಖದ ರೀತಿಯೇ ಬೇರೆ. ಕ್ರಿ.ಶ. 62ರಲ್ಲಿ ರೋಮನ್ ಅಧಿಪತಿ ಫೆಸ್ತ ತೀರಿಕೊಂಡ. ಹೊಸ ಅಧಿಪತಿ ಇನ್ನೂ ದಾರಿಯಲ್ಲಿದ್ದ. ಈ ಸಂದಿಯನ್ನೇ ಬಳಸಿಕೊಂಡು ಯೆರೂಸಲೇಮಿನ ಮಹಾಯಾಜಕ ಅನಾನ ಸಭೆ ಕರೆದು ಯಾಕೋಬ ಎಂಬವನನ್ನೂ ಇನ್ನು ಕೆಲವರನ್ನೂ ಕಲ್ಲೆಸೆದು ಕೊಲ್ಲಿಸಿದ. ನ್ಯಾಯಪರರಾದ ನಾಗರಿಕರು ದೂರು ಕೊಟ್ಟರು. ಮೂರು ತಿಂಗಳಿಗೇ ಅನಾನ ಪದವಿ ಕಳೆದುಕೊಂಡ. ಜೋಸೆಫಸ್‌ಗೆ ಬೇಕಾದದ್ದು ಅನಾನನ ಪತನದ ಕಥೆ. ಸತ್ತ ಯಾಕೋಬ ಯಾವನು ಎಂದು ಗುರುತಿಸಲು ಮಾತ್ರ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಎಂದು ಹೇಳಿ ಮುಂದೆ ಹೋಗುತ್ತಾನೆ. 'ಕ್ರಿಸ್ತನಾದ' ಎನ್ನುವುದಿಲ್ಲ, 'ಕ್ರಿಸ್ತನೆನಿಸಿಕೊಂಡ' ಎನ್ನುತ್ತಾನೆ. ಸುಳ್ಳು ಸೇರಿಸುವ ಭಕ್ತ ಇಷ್ಟು ತಣ್ಣಗೆ ಬರೆಯುವುದಿಲ್ಲ.

ಗುರುತು ಬೇಕಾದದ್ದು ಏಕೆಂದರೆ ಆ ಕಾಲದಲ್ಲಿ ಯಾಕೋಬರೂ ಯೇಸುಗಳೂ ಬೀದಿಗೊಬ್ಬರಿದ್ದರು. ಜೋಸೆಫಸ್‌ನ ಬರಹಗಳಲ್ಲೇ ಯೇಸು ಎಂಬ ಹೆಸರಿನವರು ಇಪ್ಪತ್ತರಷ್ಟು ಸಿಗುತ್ತಾರೆ. ತಮಾಷೆಯೆಂದರೆ, ಅನಾನನ ಜಾಗಕ್ಕೆ ಬಂದ ಹೊಸ ಮಹಾಯಾಜಕನ ಹೆಸರೂ ಯೇಸುವೇ, ದಮ್ನೇಯನ ಮಗ. ಸತ್ತ ಯಾಕೋಬ ಈ ಯೇಸುವಿನ ತಮ್ಮನಿರಬೇಕು, ಕ್ರಿಸ್ತನ ಮಾತು ಆಮೇಲೆ ಸೇರಿದ್ದು ಎಂದು ಕೆಲವರು ವಾದಿಸುತ್ತಾರೆ. ಹೆಚ್ಚಿನ ತಜ್ಞರು ಇದನ್ನು ಒಪ್ಪಿಲ್ಲ. ಈ ಘಟನೆ ನಡೆದಾಗ ಜೋಸೆಫಸ್‌ಗೆ ಇಪ್ಪತ್ತೈದರ ಹರೆಯ. ಅದೇ ಊರಿನ ಪುರೋಹಿತ ವರ್ಗದ ಯುವಕ. ಊರೆಲ್ಲ ಮಾತಾಡಿಕೊಂಡ ಕೊಲೆಯ ಸುದ್ದಿ ಆತನ ಕಿವಿಗೆ ಬಿದ್ದೇ ಇರುತ್ತದೆ.

ಹದಿನೈದು ದಿನಗಳ ಅತಿಥಿ

ಹೊರಗಿನವರ ಸಾಕ್ಷ್ಯ ಹುಡುಕುವ ಭರದಲ್ಲಿ ಒಳಗಿನವರನ್ನು ಮರೆಯುವುದು ಸಲ್ಲ. ಮನೆಯವರ ಸಾಕ್ಷ್ಯವನ್ನು ನ್ಯಾಯಾಲಯ ಎಚ್ಚರದಿಂದ ಕೇಳುತ್ತದೆ, ಆದರೆ ಕೇಳುತ್ತದೆ.

ಹೊಸ ಒಡಂಬಡಿಕೆಯಲ್ಲಿ ಸುವಾರ್ತೆಗಳು ಮೊದಲು ಬಂದರೂ ಬರೆದ ಕಾಲದಲ್ಲಿ ಹಳೆಯವು ಪೌಲನ ಪತ್ರಗಳು. ಕ್ರಿ.ಶ. 50ರ ದಶಕದಲ್ಲಿ, ಅಂದರೆ ಯೇಸುವಿನ ಮರಣದ ಇಪ್ಪತ್ತು ಮೂವತ್ತು ವರ್ಷಗಳೊಳಗೆ ಬರೆದವು. ಪೌಲನ ಹೆಸರಿನ ಪತ್ರಗಳಲ್ಲಿ ಏಳು ಆತನವೇ ಎಂದು ವಿದ್ವಾಂಸರಲ್ಲಿ ಹೆಚ್ಚೂಕಡಿಮೆ ಒಮ್ಮತವಿದೆ. ಅವುಗಳಲ್ಲೊಂದಾದ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ, ತಾನು ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದುದನ್ನೂ, ಆಗ ಕರ್ತನ ಸಹೋದರ ಯಾಕೋಬನನ್ನು ಕಂಡದ್ದನ್ನೂ ಹೇಳುತ್ತಾನೆ. ಜೋಸೆಫಸ್ ಹೇಳುವ ಯಾಕೋಬನೇ ಇವನು. ಪೌಲ ಇದನ್ನು ಬರೆದದ್ದು ಯೇಸು ಇದ್ದನೆಂದು ಸಾಧಿಸಲಿಕ್ಕಲ್ಲ. ತನ್ನ ಅಧಿಕಾರ ಆ ಹಿರಿಯರಿಂದ ಬಂದದ್ದಲ್ಲ ಎಂದು ಜಗಳವಾಡಲಿಕ್ಕೆ. ಅವರನ್ನು ಭೇಟಿಯಾದದ್ದು ಆತನ ವಾದಕ್ಕೆ ಅನುಕೂಲವೇ ಅಲ್ಲ. ಅದಕ್ಕೇ ತಾನು ಹೇಳುವುದು ಸುಳ್ಳಲ್ಲವೆಂದು ದೇವರಾಣೆ ಇಡುತ್ತಾನೆ. ಪೇತ್ರನೊಂದಿಗೆ ಆಮೇಲೆ ಅಂತಿಯೋಕ್ಯದಲ್ಲಿ ಎದುರಾಎದುರು ಜಟಾಪಟಿಯೂ ಆಯಿತು. ಇಲ್ಲಿ 'ಸಹೋದರ' ಎಂದರೆ ಬಂಧುವೇ ಎಂದು ಕ್ಯಾಥೊಲಿಕರು, ಬರೀ ಧರ್ಮಬಾಂಧವ ಎಂದು ಸಂಶಯವಾದಿಗಳು ಅರ್ಥ ಹೇಳುತ್ತಾರೆ. ಪೇತ್ರನೂ ಧರ್ಮಬಾಂಧವನೇ ಅಲ್ಲವೆ, ಆತನಿಗೇಕೆ ಆ ವಿಶೇಷಣವಿಲ್ಲ ಎಂಬ ಪ್ರಶ್ನೆಗೆ ಎರಡನೆಯವರಿಂದ ಸಮಾಧಾನಕರ ಉತ್ತರ ನನಗೆ ಕಂಡಿಲ್ಲ. ಇರದ ಮನುಷ್ಯನಿಗೆ ಒಡಹುಟ್ಟಿದವನಿರುವುದು ಕಷ್ಟ.

ಮುಜುಗರದ ಮಾತುಗಳು

ಸುವಾರ್ತೆಗಳನ್ನು ಓದುವಾಗ ಚರಿತ್ರೆಕಾರರು ಬಳಸುವ ಒಂದು ಉಪಾಯ ವಿದ್ಯಾರ್ಥಿಗಳಿಗೆ ಹಿಡಿಸಬಹುದು. ಕಥೆ ಕಟ್ಟುವವನು ತನಗೆ ಮುಜುಗರವಾಗುವ ಸಂಗತಿಯನ್ನು ಕಟ್ಟುವುದಿಲ್ಲ. ಅಂಥದು ಉಳಿದಿದ್ದರೆ ಎಲ್ಲರಿಗೂ ಗೊತ್ತಿದ್ದರಿಂದ ಬಿಡಲಾಗದೆ ಉಳಿದಿರಬೇಕು.

ಯೇಸುವಿಗೆ ಸ್ನಾನಿಕ ಯೋಹಾನ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿದ ಪ್ರಸಂಗ ನೋಡಿ. ಪಾಪ ತೊಳೆಯುವ ಸ್ನಾನ ಅದು. ಮಾಡಿಸುವವನು ದೊಡ್ಡವನು, ಮಾಡಿಸಿಕೊಳ್ಳುವವನು ಚಿಕ್ಕವನು. ಕ್ರಿ.ಶ. 70ರ ಆಸುಪಾಸಿನ, ನಾಲ್ಕರಲ್ಲಿ ಮೊದಲನೆಯದಾದ ಮಾರ್ಕನ ಸುವಾರ್ತೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮತ್ತಾಯ ಅದೇ ಕಥೆಗೆ, ನಿನಗೆ ಸ್ನಾನ ಮಾಡಿಸಲು ನಾನು ಯೋಗ್ಯನಲ್ಲವೆಂದು ಯೋಹಾನ ಹಿಂಜರಿದ ಸಂಭಾಷಣೆ ಸೇರಿಸುತ್ತಾನೆ. ಕೊನೆಯದಾದ ಯೋಹಾನನ ಸುವಾರ್ತೆಗೆ ಬಂದರೆ ಇಬ್ಬರ ಭೇಟಿ ಇದೆ, ಸ್ನಾನವೇ ಮಾಯ! ಸ್ನಾನಿಕ ಯೋಹಾನನನ್ನು ಜೋಸೆಫಸ್ ಕೂಡ ಬಣ್ಣಿಸಿದ್ದಾನೆ, ಯೇಸುವಿನ ಸುದ್ದಿಯೆತ್ತದೆ.

ಶಿಲುಬೆಯಂತೂ ಮುಜುಗರಗಳ ಶಿಖರ. ಅದು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಅತಿ ಹೀನ ಶಿಕ್ಷೆ. ರೋಮನ್ನರನ್ನು ಸೋಲಿಸುವ ರಾಜ ಬರುತ್ತಾನೆಂದು ಕಾದಿದ್ದ ಜನರ ಮುಂದೆ, ರೋಮನ್ನರೇ ನೇತುಹಾಕಿ ಕೊಂದವನನ್ನು ಆ ರಾಜನೆಂದು ಯಾರು ತಾನೆ ಕಲ್ಪಿಸಿ ನಿಲ್ಲಿಸುತ್ತಾರೆ? ಶಿಲುಬೆ ಯೆಹೂದಿಗಳಿಗೆ ಎಡವುಗಲ್ಲು ಎಂದು ಪೌಲನೇ ಗೊಣಗಿದ್ದಾನೆ. ಆ ಶಿಕ್ಷೆಯ ಭೀಕರತೆಗೆ ಕಣ್ಣಿಗೆ ಕಾಣುವ ಪುರಾವೆ 1968ರಲ್ಲಿ ಯೆರೂಸಲೇಮಿನ ಸಮಾಧಿಯೊಂದರಲ್ಲಿ ಸಿಕ್ಕಿತು. ಯೆಹೋಹಾನನ್ ಎಂಬ ಅದೇ ಶತಮಾನದ ಮನುಷ್ಯನ ಹಿಮ್ಮಡಿಯ ಮೂಳೆ, ಅದರಲ್ಲಿ ಹೂತೇ ಇದ್ದ ಕಬ್ಬಿಣದ ಮೊಳೆ.

ಎಲ್ಲ ಮಾತೂ ಹೀಗೆ ಗಟ್ಟಿಯಲ್ಲ. ಯೇಸು ಬೆತ್ಲೆಹೇಮಿನಲ್ಲಿ ಹುಟ್ಟಿದ್ದು ಕುರೇನ್ಯನ ಜನಗಣತಿಯ ಕಾಲದಲ್ಲೆಂದು ಲೂಕ ಬರೆಯುತ್ತಾನೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತು ಸುಮಾರು ಹತ್ತು ವರ್ಷಗಳಾದ ಮೇಲೆ. ಮತ್ತಾಯನೂ ಲೂಕನೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ. ಡಿಸೆಂಬರ್ 25 ಎಂಬ ತಾರೀಖು ಯಾವ ಸುವಾರ್ತೆಯಲ್ಲೂ ಇಲ್ಲ. ಮರಣದ ವರ್ಷ ಕ್ರಿ.ಶ. 30 ಎನ್ನುವವರೂ ಇದ್ದಾರೆ, 33 ಎನ್ನುವವರೂ ಇದ್ದಾರೆ.

ನಕಲಿಗಳ ಸಂತೆ

ಬೇಡಿಕೆ ಇದ್ದಲ್ಲಿ ನಕಲಿ ಮಾಲು ಬರುತ್ತದೆ. ಯೇಸುವಿನ ಶವ ಸುತ್ತಿದ ಬಟ್ಟೆ ಎನ್ನಲಾದ ಟ್ಯೂರಿನ್‌ನ ಹೊದಿಕೆಯ ಚೂರುಗಳನ್ನು 1988ರಲ್ಲಿ ಮೂರು ದೇಶಗಳ ಪ್ರಯೋಗಾಲಯಗಳು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅದು 1260ರಿಂದ 1390ರ ನಡುವಿನದೆಂದು ಕಂಡುಬಂತು. 2002ರಲ್ಲಿ ಯೇಸುವಿನ ಸಹೋದರ ಯಾಕೋಬನ ಹೆಸರು ಕೆತ್ತಿದ ಅಸ್ಥಿಪೆಟ್ಟಿಗೆಯೊಂದು ಲೋಕಪ್ರಸಿದ್ಧವಾಯಿತು. ಮರುವರ್ಷವೇ ಇಸ್ರೇಲಿನ ಪುರಾತತ್ತ್ವ ಇಲಾಖೆ ಆ ಬರಹ ನಕಲಿ ಎಂದಿತು. ವರ್ಷಗಟ್ಟಲೆ ಮೊಕದ್ದಮೆ ನಡೆದು 2012ರಲ್ಲಿ ಮಾಲೀಕ ನಕಲಿಯ ಆರೋಪದಿಂದ ಬಿಡುಗಡೆಯಾದ. ಬಿಡುಗಡೆಯಾಯಿತೆಂದರೆ ಬರಹ ಅಸಲಿಯೆಂದು ಅರ್ಥವಲ್ಲ ಎಂದು ನ್ಯಾಯಾಧೀಶರೇ ಸ್ಪಷ್ಟಪಡಿಸಿದರು.

ನಮ್ಮ ದೇಶದ ಹೆಸರೂ ಈ ಸಂತೆಯಲ್ಲಿ ಸೇರಿಕೊಂಡಿದೆ. ಯೇಸು ಯೌವನದಲ್ಲಿ ಭಾರತಕ್ಕೆ ಬಂದು ಕಲಿತ ಎಂಬ ಮಾತನ್ನು ಅನೇಕರು ಅಭಿಮಾನದಿಂದ ಹೇಳುತ್ತಾರೆ. ಇದರ ಮುಖ್ಯ ಮೂಲ ನಿಕೊಲಸ್ ನೊಟೊವಿಚ್ ಎಂಬ ರಷ್ಯನ್ ಪ್ರವಾಸಿ 1894ರಲ್ಲಿ ಪ್ರಕಟಿಸಿದ ಪುಸ್ತಕ. ಲಡಾಖಿನ ಹೆಮಿಸ್ ಮಠದಲ್ಲಿ 'ಈಸಾ'ನ ಜೀವನಚರಿತ್ರೆಯ ಹಸ್ತಪ್ರತಿಯನ್ನು ಲಾಮಾ ತನಗೆ ಓದಿ ಹೇಳಿದರೆಂದು ಆತ ಬರೆದ. ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಸಂಶಯ ಎತ್ತಿದರು. 1895ರಲ್ಲಿ ಆಗ್ರಾದ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಾಸ್ ಹೆಮಿಸ್‌ಗೇ ಹೋಗಿ ವಿಚಾರಿಸಿದಾಗ, ಅಂಥ ಗ್ರಂಥವೂ ತಮ್ಮಲ್ಲಿಲ್ಲ, ಅಂಥ ಕಥೆಯನ್ನು ಯಾರಿಗೂ ಓದಿ ಹೇಳಿಲ್ಲ ಎಂದು ಮಠದ ಹಿರಿಯ ಲಾಮಾ ತಿಳಿಸಿದರು. ಜೋಸೆಫಸ್‌ನ ಪುಸ್ತಕ ತಿದ್ದಿದ ಭಕ್ತನನ್ನು ಟೀಕಿಸುವವರು ಈ ಕಥೆಯನ್ನು ಮಾತ್ರ ಪ್ರಶ್ನಿಸದೆ ನುಂಗುವುದು ನ್ಯಾಯವಲ್ಲ.

ಯೇಸು ಬರೀ ಪುರಾಣಪುರುಷನೆಂಬ ವಾದಕ್ಕೂ ಉದ್ದನೆಯ ಇತಿಹಾಸವಿದೆ. ಜರ್ಮನಿಯ ಆರ್ಥರ್ ಡ್ರ್ಯೂಸ್ 1909ರಲ್ಲಿ ಈ ಬಗ್ಗೆ ಬರೆದ ಪುಸ್ತಕ ಭಾರಿ ಕೋಲಾಹಲ ಎಬ್ಬಿಸಿತ್ತು. ಇಂದಿಗೂ ಕೆಲವರು ಆ ವಾದದಲ್ಲಿದ್ದಾರೆ, ಆದರೆ ವಿಶ್ವವಿದ್ಯಾಲಯಗಳಲ್ಲಿ ಆ ಕಾಲವನ್ನು ಅಧ್ಯಯನ ಮಾಡುವವರಲ್ಲಿ ಅವರು ತೀರ ಅಲ್ಪಸಂಖ್ಯಾತರು. ಯೇಸು ಇದ್ದನೆಂದು 2012ರಲ್ಲಿ ಒಂದಿಡೀ ಪುಸ್ತಕವನ್ನೇ ಬರೆದ ಅಮೆರಿಕದ ಬಾರ್ಟ್ ಎರ್ಮನ್ ದೇವರ ವಿಷಯದಲ್ಲಿ ಅಜ್ಞೇಯವಾದಿ. ಯೇಸುವನ್ನು ಗಲಿಲಾಯದ ಯೆಹೂದಿಯಾಗಿ ಕಾಣಿಸಿದ 1973ರ ಹೆಸರಾಂತ ಕೃತಿಯ ಲೇಖಕ ಗೇಜಾ ವೆರ್ಮೆಶ್ ಯೆಹೂದಿ.

ಸಂಶಯವಾದಿಗಳ ಒಂದು ಪ್ರಬಲ ಬಾಣ ನಜರೇತಿನ ಕುರಿತಾದದ್ದು. ಹಳೆಯ ಒಡಂಬಡಿಕೆಯಲ್ಲಿ ಆ ಊರಿನ ಹೆಸರಿಲ್ಲ. ಗಲಿಲಾಯದ ಎಷ್ಟೋ ಊರುಗಳನ್ನು ಹೆಸರಿಸುವ ಜೋಸೆಫಸ್ ಕೂಡ ಅದನ್ನು ಹೇಳುವುದಿಲ್ಲ. ಯೇಸುವಿನ ಕಾಲದಲ್ಲಿ ಅಲ್ಲಿ ಊರೇ ಇರಲಿಲ್ಲವೆಂದು ಕೆಲವರು ಸಾರಿದರು. 2009ರ ಡಿಸೆಂಬರಿನಲ್ಲಿ, ನಜರೇತಿನ ದೊಡ್ಡ ಚರ್ಚಿನ ಪಕ್ಕದಲ್ಲೇ ಹೊಸ ಕಟ್ಟಡಕ್ಕಾಗಿ ಅಗೆದ ಜಾಗದಲ್ಲಿ ಇಸ್ರೇಲಿನ ಪುರಾತತ್ತ್ವ ಇಲಾಖೆಗೆ ರೋಮನ್ ಕಾಲದ ಒಂದು ಮನೆಯ ಅವಶೇಷ ಸಿಕ್ಕಿತು. ಎರಡು ಕೋಣೆ, ಒಂದು ಅಂಗಳ, ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ತೊಟ್ಟಿ. ನೆಲದಲ್ಲಿ ಒಂದು ಮತ್ತು ಎರಡನೆಯ ಶತಮಾನದ ಮಡಕೆಯ ಚೂರುಗಳು, ಮಡಿಯ ನಿಯಮ ಪಾಲಿಸುತ್ತಿದ್ದ ಯೆಹೂದಿಗಳು ಬಳಸುತ್ತಿದ್ದ ಸೀಮೆಸುಣ್ಣದಕಲ್ಲಿನ ಪಾತ್ರೆಗಳ ತುಂಡುಗಳು. ದುಬಾರಿ ಸಾಮಾನು ಒಂದೂ ಇರಲಿಲ್ಲ. ಆ ಮನೆಯಲ್ಲಿ ಯಾರು ವಾಸವಾಗಿದ್ದರೆಂದು ಬರೆದಿಟ್ಟವರಿಲ್ಲ.